ಪುಕ್ಕಟೆ ಕ್ಯಾಡ್‌ನ ಬೀಗದ ಕೈ

ಬಾಲ್ಕನಿಗೆ ಕುಂಡದ ಸ್ಟ್ಯಾಂಡು, ರೌಟರನ್ನು ಗೋಡೆಗೆ ತಗುಲಿಹಾಕೋಕೆ ಒಂದು ಬ್ರಾಕೆಟ್ಟು, ಮುರಿದುಹೋದ ಮಿಕ್ಸಿ ನಾಬು. ಇಂಥದ್ದನ್ನೆಲ್ಲ ಮನೇಲೇ ಕಂಪ್ಯೂಟರಿನಲ್ಲಿ ಬಿಡಿಸಿ ತ್ರೀಡಿ ಪ್ರಿಂಟ್ ಮಾಡಿಸೋ ಹುಚ್ಚು ಈಗ ಬಹಳ ಜನಕ್ಕಿದೆ. ನನಗೂ ಇದೆ. ಹಾಗಾಗಿ ಗೆಳೆಯರು ಕೇಳ್ತಾನೇ ಇರ್ತಾರೆ: ಕಡಿಮೆ ಖರ್ಚಿನ ಕ್ಯಾಡ್ ಸಾಫ್ಟ್‌ವೇರ್ ಯಾವುದು ಹೇಳು ಅಂತ. ಹೆಸರು ಹೇಳೋದು ಕಷ್ಟವೇನಲ್ಲ, ಒಂದೇ ನಿಮಿಷದ ಕೆಲಸ. ಆದರೆ ಅದಕ್ಕೂ ಮುಂಚೆ ನಾನು ಒಂದಿಷ್ಟು ಇತಿಹಾಸ ಹೇಳ್ತೀನಿ. ಈ ಸಾಫ್ಟ್‌ವೇರುಗಳು ಹೇಗೆ ಅಗ್ಗವಾದವು ಅಂತ ಗೊತ್ತಾದರೆ, ಇವತ್ತು ಪುಕ್ಕಟೆ ಇರೋದು ನಾಳೆ ಏನಾಗಬಹುದು ಅನ್ನೋ ಅಂದಾಜೂ ಸಿಗುತ್ತೆ.

ಶುರುವಾಗಿದ್ದು 1963ರಲ್ಲಿ. ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ಎಂಬ ವಿದ್ಯಾರ್ಥಿ ತನ್ನ ಪಿಎಚ್‌ಡಿಗಾಗಿ ‘ಸ್ಕೆಚ್‌ಪ್ಯಾಡ್’ ಎಂಬ ಪ್ರೋಗ್ರಾಂ ಬರೆದರು. ಅದು ಓಡುತ್ತಿದ್ದದ್ದು ಲಿಂಕನ್ ಲ್ಯಾಬೊರೇಟರಿಯ ಟಿಎಕ್ಸ್-2 ಎಂಬ ದೈತ್ಯ ಕಂಪ್ಯೂಟರಿನಲ್ಲಿ. ಲೈಟ್ ಪೆನ್ನಿನಿಂದ ಪರದೆಯ ಮೇಲೆ ಸೊಟ್ಟಸೊಟ್ಟಗೆ ಗೆರೆ ಎಳೆದು, ‘ಇವೆರಡೂ ಸಮಾಂತರ’ ಅಂತ ಆಜ್ಞೆ ಕೊಟ್ಟರೆ ಸಾಕು, ಯಂತ್ರವೇ ಗೆರೆಗಳನ್ನು ನೇರ ಮಾಡಿಬಿಡುತ್ತಿತ್ತು. ಮಿನಿ ಡ್ರಾಫ್ಟರ್ ಹೊತ್ತುಕೊಂಡು ಇಂಜಿನಿಯರಿಂಗ್ ಡ್ರಾಯಿಂಗ್ ಕ್ಲಾಸಿಗೆ ಹೋದವರಿಗೆ ಇದರ ಬೆಲೆ ಗೊತ್ತು. ಇವತ್ತಿನ ಕ್ಯಾಡ್‌ಗಳಲ್ಲಿ ‘ಕನ್‌ಸ್ಟ್ರೇಂಟ್’ ಅನ್ನೋದು ಇದೇ ಯೋಚನೆ. ಅಂದರೆ ಐಡಿಯಾ ಬಂದು ಅರವತ್ತು ವರ್ಷದ ಮೇಲಾಯ್ತು. ಅದು ನಮ್ಮ ಮನೆ ತನಕ ಬರೋಕೆ ಅಡ್ಡ ಬಂದದ್ದು ದುಡ್ಡು.

ಮೊದಲು ಯಂತ್ರವೇ ದುಬಾರಿ. ಎಪ್ಪತ್ತರ ದಶಕದಲ್ಲಿ ಕ್ಯಾಡ್ ಅಂದರೆ ವಿಮಾನ, ಕಾರು ತಯಾರಿಸುವ ಕಂಪನಿಗಳ ಸೊತ್ತು. ಫ್ರಾನ್ಸಿನ ಡಸಾಲ್ಟ್ ಕಂಪನಿ ತನ್ನ ವಿಮಾನಗಳಿಗೆಂದೇ 1977ರಲ್ಲಿ ಶುರುಮಾಡಿದ್ದು ಮುಂದೆ ‘ಕಟಿಯಾ’ ಆಯಿತು. ನಾಬು ಮುರಿದವರಿಗೆ ಅಲ್ಲಿ ಪ್ರವೇಶವಿರಲಿಲ್ಲ ಬಿಡಿ.

ಬಾಗಿಲು ಸ್ವಲ್ಪ ತೆರೆದದ್ದು 1982ರಲ್ಲಿ. ಜಾನ್ ವಾಕರ್ ಮತ್ತು ಗೆಳೆಯರು ಸೇರಿ ಆಟೋಡೆಸ್ಕ್ ಕಂಪನಿ ಕಟ್ಟಿದರು. ಮೈಕ್ ರಿಡಲ್ ಬರೆದಿದ್ದ ‘ಇಂಟರಾಕ್ಟ್’ ಎಂಬ ಪ್ರೋಗ್ರಾಮನ್ನು ಬುಡವಾಗಿಟ್ಟುಕೊಂಡು ಆಟೋಕ್ಯಾಡ್ ತಂದರು. ಮೇಜಿನ ಮೇಲಿಡುವ ಸಾಧಾರಣ ಕಂಪ್ಯೂಟರಿನಲ್ಲೇ ಓಡುತ್ತಿತ್ತು, ಬೆಲೆ ಸುಮಾರು 1,000 ಡಾಲರ್. ಹವ್ಯಾಸಿಗೆ ಅದೂ ಜಾಸ್ತಿಯೇ. ಆದರೆ ಸಣ್ಣ ಆರ್ಕಿಟೆಕ್ಟ್ ಆಫೀಸಿಗೆ ಕೈಗೆಟುಕಿತು.

ಇಲ್ಲಿಂದ ಕಥೆ ಬೇರೆ ತಿರುವು ತಗೊಳ್ಳುತ್ತೆ. ಆಟೋಕ್ಯಾಡ್ ತನ್ನ ಚಿತ್ರಗಳನ್ನು ಉಳಿಸುತ್ತಿದ್ದದ್ದು ‘ಡಿಡಬ್ಲ್ಯೂಜಿ’ ಎಂಬ ಫೈಲಿನಲ್ಲಿ. ಅದರ ಒಳಗುಟ್ಟನ್ನು ಕಂಪನಿ ಹೊರಗೆ ಬಿಡಲಿಲ್ಲ. ಬೇರೆ ಸಾಫ್ಟ್‌ವೇರಿನ ಜೊತೆ ಕೊಡುಕೊಳ್ಳೋಕೆ ‘ಡಿಎಕ್ಸ್ಎಫ್’ ಅಂತ ಇನ್ನೊಂದು ಫೈಲು ಕೊಟ್ಟಿತು. ವರ್ಷಗಳು ಕಳೆದ ಹಾಗೆ ಜಗತ್ತಿನ ಅದೆಷ್ಟೋ ಕಟ್ಟಡಗಳ ನಕ್ಷೆಗಳು ಡಿಡಬ್ಲ್ಯೂಜಿಯಲ್ಲೇ ಕೂತವು. ಸಾಫ್ಟ್‌ವೇರ್ ಬದಲಿಸೋಣ ಅಂದರೆ ಹಳೇ ಚಿತ್ರಗಳ ಗತಿಯೇನು? ಈ ಕಾಟ ತಾಳಲಾರದೆ 1998ರಲ್ಲಿ ಬೇರೆ ಕಂಪನಿಗಳು ಕೂಡಿ ‘ಓಪನ್‌ಡಿಡಬ್ಲ್ಯೂಜಿ’ ಎಂಬ ಒಕ್ಕೂಟವನ್ನೇ ಮಾಡಿಕೊಂಡು ಆ ಬೀಗ ಬಿಡಿಸಲು ಕೂತವು. ಸಾಫ್ಟ್‌ವೇರ್ ಕೊಂಡವರು ನೀವು, ಚಿತ್ರ ಬಿಡಿಸಿದವರೂ ನೀವು. ಆದರೆ ಬೀಗದ ಕೈ ಇನ್ನೊಬ್ಬರ ಹತ್ತಿರ.

ಆಮೇಲೆ ಬಂತು ಪುಕ್ಕಟೆ ಯುಗ. 2006ರಲ್ಲಿ ಗೂಗಲ್ ಸ್ಕೆಚ್‌ಅಪ್ ಅನ್ನು ಕೊಂಡುಕೊಂಡು ಅದರ ಒಂದು ಆವೃತ್ತಿಯನ್ನು ಉಚಿತ ಮಾಡಿತು. ಧರ್ಮಕ್ಕೇನಲ್ಲ. ಗೂಗಲ್ ಅರ್ತ್‌ನಲ್ಲಿ ಕಟ್ಟಡಗಳನ್ನು ತುಂಬಿಸಬೇಕಿತ್ತು, ಜನ ಬಿಡಿಸಿಕೊಟ್ಟರೆ ಒಳ್ಳೆಯದೇ ತಾನೆ. ಬಡಗಿ ಕೆಲಸದ ಹುಚ್ಚಿರುವವರು ಅದರಲ್ಲಿ ಮೇಜು, ಕಪಾಟು ಬಿಡಿಸಿ ಖುಷಿಪಟ್ಟರು. 2012ರಲ್ಲಿ ಗೂಗಲ್ ಅದನ್ನು ಟ್ರಿಂಬಲ್ ಕಂಪನಿಗೆ ಮಾರಿತು. ನಮ್ಮ ಕಂಪ್ಯೂಟರಿಗೆ ಹಾಕಿಕೊಳ್ಳಬಹುದಾದ ಉಚಿತ ಆವೃತ್ತಿ 2017ರದ್ದೇ ಕೊನೆ. ಆಮೇಲೆ ಉಚಿತ ಅಂದರೆ ಬ್ರೌಸರಿನಲ್ಲಿ ಓಡೋದು ಮಾತ್ರ.

ಆಟೋಡೆಸ್ಕ್ ಕೂಡ ಹವ್ಯಾಸಿಗಳಿಗೆ ‘123ಡಿ’ ಅಂತ ಉಚಿತ ಸರಣಿ ತಂದು, 2017ರಲ್ಲಿ ನಿಲ್ಲಿಸಿತು. ಅದರದ್ದೇ ‘ಫ್ಯೂಷನ್ 360’ ನಿಜಕ್ಕೂ ದೊಡ್ಡ ಸಾಫ್ಟ್‌ವೇರ್, ಮನೆಬಳಕೆಗೆ ಉಚಿತ. 2020ರ ಸೆಪ್ಟೆಂಬರಿನಲ್ಲಿ ಉಚಿತ ಬಳಕೆದಾರರಿಗೆ ಹೊಸ ನಿಯಮ ಬಂತು: ಒಂದು ಹೊತ್ತಿಗೆ ತಿದ್ದಬಹುದಾದ ಫೈಲು 10 ಮಾತ್ರ, ಹೊರಗೆ ಕಳಿಸುವ ಫೈಲುಗಳಲ್ಲೂ ಕಡಿತ. ‘ಸ್ಟೆಪ್’ ಫೈಲನ್ನೂ ತೆಗೆಯುತ್ತೇವೆ ಅಂದಾಗ ಬಳಕೆದಾರರು ಗಲಾಟೆ ಮಾಡಿದರು, ಅದೊಂದನ್ನು ಉಳಿಸಿಕೊಟ್ಟರು.

ಇದನ್ನೆಲ್ಲ ಮೋಸ ಅಂತ ನಾನು ಹೇಳಲ್ಲ. ಕಂಪನಿ ಅಂದಮೇಲೆ ಲೆಕ್ಕಾಚಾರ ಇದ್ದೇ ಇರುತ್ತೆ. ‘ಆನ್‌ಶೇಪ್’ನವರು ಇದನ್ನು ಮುಚ್ಚುಮರೆಯಿಲ್ಲದೆ ಹೇಳ್ತಾರೆ: ಉಚಿತ ಬೇಕಾ, ಹಾಗಾದರೆ ನಿಮ್ಮ ಚಿತ್ರ ಊರಿಗೆಲ್ಲ ಕಾಣುತ್ತೆ. ಬಾಡಿಗೆ ಮನೆಯಲ್ಲಿ ಇರೋರಿಗೆ ಇದು ಹೊಸದಲ್ಲ. ಓನರ್ ಒಳ್ಳೆಯವರೇ ಇರಬಹುದು, ಆದರೆ ಗೋಡೆಗೆ ಮೊಳೆ ಹೊಡೆಯೋ ಮುಂಚೆ ಅಗ್ರಿಮೆಂಟ್ ಓದಬೇಕಾಗುತ್ತೆ.

ಸ್ವಂತ ಮನೆಯ ದಾರಿ ನಿಧಾನದ್ದು. 1999ರಲ್ಲಿ ಫ್ರಾನ್ಸಿನ ಮಾತ್ರಾ ಡಾಟಾವಿಷನ್ ಕಂಪನಿ, ಘನಾಕೃತಿಗಳ ಲೆಕ್ಕ ಮಾಡುವ ತನ್ನ ‘ಓಪನ್ ಕ್ಯಾಸ್ಕೇಡ್’ ಎಂಬ ಇಂಜಿನ್ನಿನ ಸೋರ್ಸ್ ಕೋಡನ್ನು ಬಯಲಿಗಿಟ್ಟಿತು. ಅದರ ಮೇಲೆ ಯುರ್ಗನ್ ರೀಗಲ್ ಕಟ್ಟತೊಡಗಿದ ‘ಫ್ರೀಕ್ಯಾಡ್’ ಮೊದಲು ಹೊರಬಂದದ್ದು 2002ರಲ್ಲಿ. 1.0 ಎಂಬ ಆವೃತ್ತಿ ಬಂದದ್ದು 2024ರ ನವೆಂಬರಿನಲ್ಲಿ. ಇಪ್ಪತ್ತೆರಡು ವರ್ಷ!

ಅಷ್ಟು ಕಾಲ ಸತಾಯಿಸಿದ ಒಂದು ತೊಂದರೆ ಹೇಳಲೇಬೇಕು. ಫ್ರೀಕ್ಯಾಡ್ ವಸ್ತುವಿನ ಒಂದೊಂದು ಮುಖಕ್ಕೂ ನಂಬರ್ ಕೊಡುತ್ತೆ. ‘6ನೇ ಮುಖದ ಮೇಲೆ ತೂತು’ ಅಂತ ನೀವು ಮಾಡಿರ್ತೀರಿ. ಆಮೇಲೆ ಹಿಂದೆ ಹೋಗಿ ಒಂದು ಮೂಲೆ ಕತ್ತರಿಸಿದರೆ ನಂಬರುಗಳೆಲ್ಲ ಬದಲಾಗಿ, ತೂತು ಇನ್ನೆಲ್ಲೋ ಹೋಗಿ ಕೂತಿರುತ್ತೆ. ಬೆಂಗಳೂರಿನಲ್ಲಿ ಹಳೇ ನಂಬರ್, ಹೊಸ ನಂಬರ್ ಅಂತ ಗೇಟಿನ ಮೇಲೆ ಎರಡೂ ಬರೆದಿರ್ತಾರಲ್ಲ, ಅದೇ ಪಾಡು. 1.0ರಲ್ಲಿ ಇದನ್ನು ಬಹುಮಟ್ಟಿಗೆ ಹತೋಟಿಗೆ ತಂದಿದ್ದಾರೆ.

ಹಾಗಾದರೆ ಯಾವುದು ತಗೊಳ್ಳೋದು? ನನ್ನ ಲೆಕ್ಕ ಹೀಗಿದೆ. ಮಕ್ಕಳ ಜೊತೆ ಕೂತು ಒಂದು ಸಂಜೆಯಲ್ಲಿ ಕೀಚೈನ್ ಮಾಡಬೇಕಾ, ಟಿಂಕರ್‌ಕ್ಯಾಡ್ ಸಾಕು. ಲೇಸರ್ ಕಟಿಂಗ್‌ಗೆ ಚಪ್ಪಟೆ ಚಿತ್ರ ಬೇಕಾ, ಲಿಬ್ರೆಕ್ಯಾಡ್; ಅದು ಡಿಎಕ್ಸ್ಎಫ್ ಕೊಡುತ್ತೆ. ಹಗಲೆಲ್ಲ ಕೋಡ್ ಬರೆಯೋರಿಗೆ ಓಪನ್‌ಎಸ್‌ಕ್ಯಾಡ್ ಹಿಡಿಸುತ್ತೆ, ಅದರಲ್ಲಿ ಮೌಸಿನ ಬದಲು ಸಾಲು ಸಾಲಾಗಿ ಬರೆದೇ ಆಕಾರ ಮಾಡೋದು. ಮತ್ತೆ ಮತ್ತೆ ತಿದ್ದುವಂಥ ಅಳತೆಯ ವಸ್ತುಗಳಿಗೆ ನಾನು ಬಳಸೋದು ಫ್ರೀಕ್ಯಾಡ್. ಕಲಿಯೋಕೆ ನಾಲ್ಕು ವಾರಾಂತ್ಯ ಹೋಗುತ್ತೆ, ಸುಳ್ಳು ಹೇಳಲ್ಲ. ಅಷ್ಟು ತಾಳ್ಮೆ ಇಲ್ಲ ಅಂದರೆ ಫ್ಯೂಷನ್ ಬಳಸಿ, ತಪ್ಪೇನಿಲ್ಲ. ಕಲಿಸುವ ವೀಡಿಯೊಗಳಂತೂ ಅದಕ್ಕೆ ಬೇಕಾದಷ್ಟಿವೆ.

ಯಾವುದನ್ನೇ ಹಿಡಿದರೂ ಮೊದಲ ದಿನವೇ ಒಂದು ಪರೀಕ್ಷೆ ಮಾಡಿ. ಒಂದು ಸಣ್ಣ ಡಬ್ಬಿ ಬಿಡಿಸಿ, ಅದನ್ನು ಸ್ಟೆಪ್ ಫೈಲಾಗಿ ಹೊರಗೆ ತೆಗೆದು ಇನ್ನೊಂದು ಸಾಫ್ಟ್‌ವೇರಿನಲ್ಲಿ ತೆರೆಯಿರಿ. ಸ್ಟೆಪ್ ಅನ್ನೋದು 1994ರಿಂದ ಇರುವ ಅಂತರರಾಷ್ಟ್ರೀಯ ಐಎಸ್ಒ ಮಾನದಂಡ, ಯಾವ ಒಂದು ಕಂಪನಿಯ ಸೊತ್ತೂ ಅಲ್ಲ. ನೀವು ಯಾವ ಹೆಜ್ಜೆಯ ಮೇಲೆ ಯಾವ ಹೆಜ್ಜೆ ಇಟ್ಟಿರಿ ಅನ್ನೋದು ಅದರಲ್ಲಿ ಸಾಮಾನ್ಯವಾಗಿ ಉಳಿಯೋದಿಲ್ಲ, ಆದರೆ ಆಕಾರ ಕರಾರುವಾಕ್ಕಾಗಿ ಉಳಿಯುತ್ತೆ. ಪ್ರಿಂಟರಿಗೆ ಕೊಡುವ ಎಸ್‌ಟಿಎಲ್ ಫೈಲು ಮಾತ್ರ ಇಟ್ಟುಕೊಂಡರೆ ಸಾಲದು. ಅದರಲ್ಲಿ ಬರೀ ತ್ರಿಕೋನಗಳಿರುತ್ತವೆ. ಅದನ್ನು ತಿದ್ದೋಕೆ ಹೋಗೋದು ರುಬ್ಬಿದ ದೋಸೆ ಹಿಟ್ಟಿನಿಂದ ಅಕ್ಕಿ, ಉದ್ದು ಬೇರೆ ಮಾಡೋ ಕೆಲಸ.

ಆ ಡಬ್ಬಿ ಇನ್ನೊಂದು ಕಡೆ ಸರಿಯಾಗಿ ತೆರೆದುಕೊಂಡರೆ ಧೈರ್ಯವಾಗಿ ಕೆಲಸ ಶುರುಮಾಡಿ. ಪ್ರತಿ ಪ್ರಾಜೆಕ್ಟ್ ಮುಗಿದಾಗಲೂ ಒಂದು ಸ್ಟೆಪ್ ಪ್ರತಿಯನ್ನು ನಿಮ್ಮದೇ ಹಾರ್ಡ್ ಡಿಸ್ಕಿಗೆ ಹಾಕಿಡಿ. ಐದು ವರ್ಷ ಬಿಟ್ಟು ಅದೇ ಮಿಕ್ಸಿ ನಾಬು ಮತ್ತೆ ಮುರಿದಾಗ, ಯಾವ ಕಂಪನಿಯ ಹೊಸ ನಿಯಮವನ್ನೂ ಓದದೆ ಇನ್ನೊಂದು ಪ್ರಿಂಟ್ ಹಾಕಿಸಬಹುದು.