ಸಿಂಪ್ಯೂಟರ್‌ನ ಎರಡು ಬಿಟ್‌ಗಳು: ಬಳಕೆದಾರ ತಿದ್ದಿದ ರಿಜಿಸ್ಟರನ್ನು ಕರ್ನಲ್ ನೋಡುವ ಬಗೆ

ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್‌ನವರೂ ಸೇರಿ ಬೆಂಗಳೂರಿನಲ್ಲಿ ರೂಪಿಸಿದ ಸಿಂಪ್ಯೂಟರ್ 2001ರಲ್ಲಿ ಬೆಳಕು ಕಂಡಿತು. 2004ರಲ್ಲಿ ಬಿಇಎಲ್ ಮೂಲಕ ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದರ ಬೆಲೆ, ಸೋಲುಗಳ ಚರ್ಚೆ ಸಾಕಷ್ಟು ನಡೆದಿದೆ. ಒಳಗಿದ್ದ ಸ್ಟ್ರಾಂಗ್‌ಆರ್ಮ್ ಪ್ರೊಸೆಸರು, ಅದರ ಮೇಲಿದ್ದ ಲಿನಕ್ಸ್ ಕರ್ನಲ್ ಇವೆರಡರ ನಡುವಿನ ಒಪ್ಪಂದ ಮಾತ್ರ ಯಾರ ಗಮನಕ್ಕೂ ಬಂದಂತಿಲ್ಲ.

ಸಾಮಾನ್ಯ ರಿಜಿಸ್ಟರುಗಳಲ್ಲಿ ಪ್ರೋಗ್ರಾಂ ಏನು ಬರೆದರೂ ಕರ್ನಲ್ ತಲೆಹಾಕುವುದಿಲ್ಲ. ಸಿಸ್ಟಂ ಕಾಲ್ ಬಂದಾಗ ಅವನ್ನೆಲ್ಲ 72 ಬೈಟ್‌ಗಳ ಚೌಕಟ್ಟಿನಲ್ಲಿ ಎತ್ತಿಟ್ಟು, ಕೆಲಸ ಮುಗಿದ ಮೇಲೆ ಮರಳಿಸುತ್ತದೆ, ಅಷ್ಟೇ. ತಕರಾರು ಇರುವುದು ಸ್ಥಿತಿ ರಿಜಿಸ್ಟರಿನಲ್ಲಿ. ಅದರ ಕೊನೆಯ ಐದು ಬಿಟ್‌ಗಳು 10000 ಆಗಿದ್ದರೆ ಬಳಕೆದಾರ, 10011 ಆದರೆ ಕರ್ನಲ್: ಅಧಿಕಾರದ ಅಂತರ ಎರಡು ಬಿಟ್. ಪ್ರೋಗ್ರಾಂ ಅವನ್ನು ನೇರವಾಗಿ ತಿದ್ದಹೊರಟರೆ ಪ್ರೊಸೆಸರ್ ಗದರಿಸುವುದೂ ಇಲ್ಲ. ಫ್ಲ್ಯಾಗ್‌ಗಳನ್ನಷ್ಟೇ ಬದಲಿಸಿ ಉಳಿದದ್ದನ್ನು ಸದ್ದಿಲ್ಲದೆ ಕೈಬಿಡುತ್ತದೆ.

ಆದರೆ ಇನ್ನೊಂದು ದಾರಿಯಿದೆ. ಪ್ರೋಗ್ರಾಂಗೆ ಸಿಗ್ನಲ್ ತಲುಪಿಸುವಾಗ ಕರ್ನಲ್ ಅದರ ರಿಜಿಸ್ಟರುಗಳ ಪ್ರತಿಯನ್ನು ಆ ಪ್ರೋಗ್ರಾಂನ ಸ್ಟ್ಯಾಕ್‌ನಲ್ಲೇ ಇಡುತ್ತದೆ. ಸಿಗ್ನಲ್ ಕೆಲಸ ಮುಗಿದೊಡನೆ ‘ಸಿಗ್‌ರಿಟರ್ನ್’ ಕರೆಯ ಮೂಲಕ ಆ ಪ್ರತಿ ಪ್ರೊಸೆಸರಿಗೆ ಹಿಂತಿರುಗಬೇಕು. ನಡುವೆ ಅದನ್ನು ತಿದ್ದಲು ಪ್ರೋಗ್ರಾಂಗೆ ಯಾವ ಅಡ್ಡಿಯೂ ಇಲ್ಲ. ಈಗ ಬರೆಯುವವನು ಬಳಕೆದಾರನಲ್ಲ, ಪೂರ್ಣಾಧಿಕಾರವಿರುವ ಕರ್ನಲ್. ಹಾಗಾಗಿ ಪ್ರೊಸೆಸರಿನ ಕಾವಲು ಇಲ್ಲಿ ಕೆಲಸಕ್ಕೆ ಬಾರದು; ಹಿಂತಿರುಗುವ ಪ್ರತಿಯನ್ನು ಕರ್ನಲ್ಲೇ ತಪಾಸಣೆ ಮಾಡಬೇಕು. ಹೊಲ, ಪಹಣಿಗಳ ನಡುವಿನ ವ್ಯತ್ಯಾಸದಂತೆಯೇ ಇದು. ಗುತ್ತಲ ಹೋಬಳಿಯ ರೈತ ತನ್ನ ಹೊಲದಲ್ಲಿ ಮೆಣಸಿನಕಾಯಿ ಹಾಕಲಿ, ಗೋವಿನಜೋಳ ಹಾಕಲಿ, ಕೇಳುವವರಿಲ್ಲ. ಪಹಣಿಯಲ್ಲಿ ಹೆಸರು ಬದಲಾಗಬೇಕಾದರೆ ಮಾತ್ರ ಅರ್ಜಿ, ನೋಟಿಸು, ತಕರಾರಿನ ಅವಧಿ ಎಲ್ಲ ದಾಟಬೇಕು. (ಭೂದಾಖಲೆಯ ಕೆಲಸಕ್ಕೆ ಕರ್ನಾಟಕ ಸರ್ಕಾರ ಸಿಂಪ್ಯೂಟರನ್ನೇ ಬಳಸಿದ್ದುಂಟು.) ಆರ್ಮ್ ಲಿನಕ್ಸ್‌ನಲ್ಲಿ ಈ ತಪಾಸಣೆಗೆ ‘ವ್ಯಾಲಿಡ್ ಯೂಸರ್ ರೆಗ್ಸ್’ ಎಂಬ ನಾಲ್ಕಾರು ಸಾಲಿನ ಫಂಕ್ಷನ್ ಇದೆ. ಮೋಡ್ ಬಳಕೆದಾರನದೇ? ಇಂಟರಪ್ಟ್ ತಡೆಯುವ ಬಿಟ್‌ಗಳು ಸೊನ್ನೆಯೇ? ಎರಡನೆಯ ಪ್ರಶ್ನೆ ಮೊದಲನೆಯದರಷ್ಟೇ ಮುಖ್ಯ: ಇಂಟರಪ್ಟ್ ಮುಚ್ಚಿಕೊಂಡು ಓಡುವ ಪ್ರೋಗ್ರಾಂನ ಕೈಯಿಂದ ಯಂತ್ರವನ್ನು ಕಸಿಯಲು ಟೈಮರಿಗೂ ಆಗದು. ಉತ್ತರ ತಪ್ಪಿದರೆ ಪ್ರೋಗ್ರಾಂಗೆ ಮರಣದ ಸಿಗ್ನಲ್. ಡೀಬಗರ್ ಬೇರೊಂದು ಪ್ರೋಗ್ರಾಂನ ರಿಜಿಸ್ಟರುಗಳನ್ನು ತಿದ್ದುವಾಗಲೂ ಇದೇ ಪರೀಕ್ಷೆ. ಅಲ್ಲಿ ಶಿಕ್ಷೆ ಹಗುರ, ಕೋರಿಕೆ ತಿರಸ್ಕೃತವಾಗುತ್ತದೆ.

ನನ್ನ ವಾದ ಇಷ್ಟು: ಬಳಕೆದಾರ ಬರೆದದ್ದರಿಂದಲ್ಲ, ಬರೆದದ್ದನ್ನು ಕರ್ನಲ್ ನಂಬಿದ್ದರಿಂದ ಅಪಾಯ ಹುಟ್ಟುತ್ತದೆ. ಇಂಟೆಲ್ ಪ್ರೊಸೆಸರುಗಳಲ್ಲಿ ಸಿಸ್ಟಂ ಕಾಲ್‌ನಿಂದ ಬಳಕೆದಾರನತ್ತ ಮರಳಿಸುವ ‘ಸಿಸ್‌ರೆಟ್’ ಸೂಚನೆಯ ಪ್ರಕರಣ ಇದಕ್ಕೆ ಒಳ್ಳೆಯ ಸಾಕ್ಷಿ. ಮರಳಬೇಕಾದ ವಿಳಾಸ ಅಸಿಂಧುವಾಗಿದ್ದರೆ ಇಂಟೆಲ್ ಪ್ರೊಸೆಸರು ಕರ್ನಲ್ ಅಧಿಕಾರ ಬಿಡುವ ಮೊದಲೇ ದೋಷ ಎಬ್ಬಿಸುತ್ತದೆ. ಅಷ್ಟರಲ್ಲಿ ಸ್ಟ್ಯಾಕ್ ರಿಜಿಸ್ಟರಿನಲ್ಲಿ ಬಳಕೆದಾರನ ಬೆಲೆ ಕುಳಿತಿರುತ್ತದೆ. ಲಿನಕ್ಸ್ ಇದನ್ನು 2006ರಲ್ಲೇ ಸರಿಪಡಿಸಿಕೊಂಡಿತು. ವಿಂಡೋಸ್, ಫ್ರೀಬಿಎಸ್‌ಡಿ, ಝೆನ್ ಎಚ್ಚೆತ್ತದ್ದು 2012ರಲ್ಲಿ.

ಅದೇ 2012ರಲ್ಲಿ ಐವಿ ಬ್ರಿಜ್ ಚಿಪ್‌ಗಳೊಂದಿಗೆ ಎಫ್‌ಎಸ್, ಜಿಎಸ್ ಎಂಬ ರಿಜಿಸ್ಟರುಗಳ ಆಧಾರ ವಿಳಾಸಗಳನ್ನು ಬಳಕೆದಾರನೇ ಬರೆಯಬಲ್ಲ ಸೂಚನೆಗಳು ಬಂದವು. ಲಿನಕ್ಸ್ ಅವಕ್ಕೆ ಬಾಗಿಲು ತೆರೆದದ್ದು 2020ರ 5.9 ಆವೃತ್ತಿಯಲ್ಲಿ. ಅಲ್ಲಿಯವರೆಗೆ ಕೆಲವು ಸೂಕ್ಷ್ಮ ಪ್ರವೇಶದಾರಿಗಳಲ್ಲಿ ಜಿಎಸ್ ಬೆಲೆ ಋಣವೋ ಧನವೋ ಎಂದು ನೋಡಿ ಅದು ತನ್ನದೇ, ಬಳಕೆದಾರನದೇ ಎಂದು ಕರ್ನಲ್ ತೀರ್ಮಾನಿಸುತ್ತಿತ್ತು. ಬಳಕೆದಾರ ಏನು ಬೇಕಾದರೂ ಬರೆಯಬಹುದಾದ ಮೇಲೆ ಆ ಗುರುತಿಗೆ ಅರ್ಥ ಉಳಿಯಲಿಲ್ಲ. ಆ ದಾರಿಗಳಲ್ಲಿ ಕರ್ನಲ್ ಈಗ ಹಳೆಯ ಬೆಲೆಯನ್ನು ಪ್ರತಿಸಲವೂ ಎತ್ತಿಟ್ಟು, ತನ್ನದನ್ನು ಹೊಸದಾಗಿ ಬರೆದುಕೊಳ್ಳುತ್ತದೆ.