ಕುರಿಯ ತಲೆಯೊಳಗಿನ ದಾಖಲೆ

ಕಮತಗಿಯ ಹೊರಗಿನ ಹೊಲದಲ್ಲಿ ತಂಗಿದ್ದ ಹಿಂಡಿನಲ್ಲಿ ಒಂದು ಕುರಿ ಒಂದೇ ಮಗ್ಗುಲಿಗೆ ಗಿರಗಿರ ಸುತ್ತುತ್ತಿತ್ತು. “ತಲ್ಯಾಗ ಹುಳ ಬಿದ್ದಾವ್ರಿ ಸರ,” ಎಂದರು ಕುರಿ ಕಾಯುವ ಅಜ್ಜ. ಅವರು ಹೇಳಿದ್ದು ನಿಜವೇ. ನಾಯಿಯ ಹೊಟ್ಟೆಯ ಲಾಡಿಹುಳುವಿನ ಮರಿ ಕುರಿಯ ಮಿದುಳಿನಲ್ಲಿ ನೀರುಗುಳ್ಳೆ ಕಟ್ಟಿದರೆ ಕುರಿ ಹೀಗೇ ಸುತ್ತುತ್ತದೆ.

ನಾನು ಬೆನ್ನುಹತ್ತಿದ್ದು ಇನ್ನೊಂದು ಮಿದುಳುರೋಗವನ್ನು: ಸ್ಕ್ರೇಪಿ. ಅದು ತಗಲಿದ ಕುರಿ ಉಣ್ಣೆ ಕಿತ್ತುಬರುವಂತೆ ಬಂಡೆಗೆ ಮೈ ಉಜ್ಜುತ್ತದೆ, ತೂರಾಡುತ್ತದೆ, ಬಡಕಲಾಗಿ ಸಾಯುತ್ತದೆ. ಕಜ್ಜಿ ಎಂದುಕೊಂಡು ಬಿಟ್ಟುಬಿಡುವುದು ಸುಲಭ.

ಭಾರತದ ಕುರಿಯಲ್ಲಿ ಇದು ಕಂಡ ದಾಖಲೆ ನನಗೆ ಸಿಕ್ಕಿದ್ದು 1961ರ ‘ವೆಟರಿನರಿ ರೆಕಾರ್ಡ್’ ಪತ್ರಿಕೆಯಲ್ಲಿ. ಝ್ಲಾಟ್ನಿಕ್ ಮತ್ತು ಕಟಿಯಾರ್ ಬರೆದ, ಹಿಮಾಲಯದ ತಪ್ಪಲಿನ ಕುರಿಗಳ ಕುರಿತ ಎರಡೇ ಪುಟ. ಅದನ್ನು ಎರಡು ಸಲ ಓದಿದೆ. ನಮ್ಮ ಬಯಲುಸೀಮೆಯ ಕುರಿ ಅದರಲ್ಲಿ ಇರಲಿಲ್ಲ.

ಮನುಷ್ಯರಲ್ಲಿ ಕಾಣುವ ಇದೇ ಬಗೆಯ ಮಿದುಳುರೋಗದ ಎಳೆ ಬೆಂಗಳೂರಿಗೇ ಕರೆತಂದಿತು. ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಎಸ್.ಕೆ. ಶಂಕರ್ 1991ರಲ್ಲಿ ಪ್ರಕಟಿಸಿದ ಲೇಖನ 1971ರಿಂದ 1990ರವರೆಗೆ ಭಾರತದಲ್ಲಿ ಕಂಡ ಕ್ರೂಟ್ಸ್‌ಫೆಲ್ಟ್-ಯಾಕೋಬ್ ರೋಗದ ಬಗ್ಗೆ. ಮರೆವು, ಮೈ ಜಗ್ಗುವಿಕೆ, ಕೆಲವೇ ತಿಂಗಳಲ್ಲಿ ಸಾವು. ಕುರಿಯ ಎಳೆಯನ್ನೂ ಮನುಷ್ಯರ ಎಳೆಯನ್ನೂ ಗಂಟುಹಾಕಿದವರು ಒಬ್ಬ ಪಶುವೈದ್ಯ. ಪಪುವಾ ನ್ಯೂಗಿನಿಯ ‘ಕುರು’ ಎಂಬ ಇಂಥದೇ ರೋಗದವರ ತೂತುಬಿದ್ದ ಮಿದುಳಿನ ಚಿತ್ರಗಳನ್ನು ಲಂಡನ್ನಿನ ಪ್ರದರ್ಶನವೊಂದರಲ್ಲಿ ಕಂಡ ವಿಲಿಯಂ ಹ್ಯಾಡ್ಲೋ, ಅವೇ ತೂತುಗಳನ್ನು ಸ್ಕ್ರೇಪಿ ಕುರಿಯಲ್ಲಿ ನೋಡಿದ್ದೇನೆಂದು 1959ರಲ್ಲಿ ‘ಲ್ಯಾನ್ಸೆಟ್’ಗೆ ಪತ್ರ ಬರೆದರು. ಈ ಇಡೀ ಕಥೆಯಲ್ಲಿ ನನಗೆ ತೀರ ಪ್ರಿಯವಾದದ್ದು ಆ ಪುಟ್ಟ ಪತ್ರ.

ರೋಗ ಪತ್ತೆ ಯಾಕಿಷ್ಟು ಕಷ್ಟ? ಈ ರೋಗಗಳನ್ನು ತರುವ ಪ್ರಿಯಾನ್ ಎಂಬುದು ಮಡಿಕೆ ತಪ್ಪಿದ ನಮ್ಮದೇ ಪ್ರೋಟೀನು. ಪಕ್ಕದ ಪ್ರೋಟೀನನ್ನೂ ಅದು ತನ್ನಂತೆಯೇ ಮಡಿಸುತ್ತದೆ. ದೇಹ ಅದನ್ನು ಪರಕೀಯವೆಂದು ಗುರುತಿಸದು, ಪ್ರತಿಕಾಯವೂ ಹುಟ್ಟದು. ಹಾಗಾಗಿ ಮಾಮೂಲಿ ರಕ್ತಪರೀಕ್ಷೆಗೆ ಇದು ಸಿಗುವುದಿಲ್ಲ. ಬದುಕಿರುವ ರೋಗಿಯಲ್ಲಿ ಇಇಜಿ, ಎಂಆರ್‌ಐ, ಬೆನ್ನುಹುರಿಯ ದ್ರವ ನೋಡುತ್ತಾರೆ. ಈಗಿನ ಆರ್‌ಟಿ-ಕ್ವಿಕ್ ಪರೀಕ್ಷೆಯಲ್ಲಿ ಆ ದ್ರವದ ಹನಿಯನ್ನು ಸರಿಯಾದ ಪ್ರೋಟೀನಿನ ಜೊತೆ ಬೆರೆಸಿ ಅಲ್ಲಾಡಿಸುತ್ತಾರೆ. ಪ್ರಿಯಾನ್ ಇದ್ದರೆ ಆ ಸರಿಯಾದ ಪ್ರೋಟೀನೂ ಮಡಿಕೆ ತಪ್ಪುತ್ತದೆ, ಮಿಶ್ರಣದ ಬೆಳಕು ಹೆಚ್ಚುತ್ತದೆ. ಆದರೂ ಖಚಿತ ಉತ್ತರ ಮಿದುಳಿನ ಅಂಗಾಂಶದಲ್ಲೇ. ಕುರಿಯಲ್ಲಾದರೆ ಮಿದುಳು ಬೆನ್ನುಹುರಿಯನ್ನು ಸೇರುವ ಜಾಗದ ತುಂಡು ಬೇಕು.

ಸ್ಕ್ರೇಪಿ ಮನುಷ್ಯರಿಗೆ ಹಬ್ಬಿದ್ದಕ್ಕೆ ಪುರಾವೆಯಿಲ್ಲ. ಆದರೆ ಬ್ರಿಟನ್ನಿನ ಹುಚ್ಚುಹಸು ಎಂಬ ಪ್ರಿಯಾನ್ ರೋಗ ಹಬ್ಬಿತ್ತು. ಭಾರತಕ್ಕೆ 2010ರಲ್ಲಿ ಆ ಹಸುರೋಗದ ಅಪಾಯ ನಗಣ್ಯವೆಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಅಂಥ ಮಾತು ಉಳಿಯಬೇಕಾದರೆ ಸತ್ತ ಪ್ರಾಣಿಯ ತಲೆ ಪ್ರಯೋಗಾಲಯ ಮುಟ್ಟುತ್ತಲೇ ಇರಬೇಕು.

“ಈ ಕುರಿ ಸತ್ತರ ತಲಿ ಏನ್ ಮಾಡ್ತೀರಿ ಅಜ್ಜಾ?”

“ಬ್ಯಾನಿ ಬಂದದ್ದು ಯಾರಿಗಿ ಬೇಕ್ರಿ? ಕುಣಿ ತೋಡಿ ಹುಗೀತೇವಿ.”

ಹುಗಿಯುವ ಮೊದಲು ದವಾಖಾನೆಗೆ ಫೋನ್ ಮಾಡಿ ಎಂದು ಪಶುವೈದ್ಯರ ನಂಬರು ಬರೆದುಕೊಟ್ಟೆ. ಅಜ್ಜ ಚೀಟಿಯನ್ನು ಮಡಚಿ ಎದೆಯ ಜೇಬಿಗಿಟ್ಟುಕೊಂಡರು.