ಗಿಟ್‌ನಲ್ಲಿ ಬ್ರಾಂಚ್ ಮತ್ತು ಮರ್ಜ್

ಬ್ರಾಂಚ್ ಮತ್ತು ಮರ್ಜ್ ಎಂದರೆ ಹಲವರು ಒಂದೇ ತಂತ್ರಾಂಶದ ಮೇಲೆ ಏಕಕಾಲಕ್ಕೆ ಕೆಲಸ ಮಾಡುವಾಗ ಬದಲಾವಣೆಗಳನ್ನು ಬೇರೆಬೇರೆಯಾಗಿ ಬೆಳೆಸಿ ಆಮೇಲೆ ಕೂಡಿಸುವ ವಿಧಾನ. ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಕರ್ನೆಲ್‌ಗಾಗಿ ಬದಲಾವಣೆಗಳ ದಾಖಲೆ ಇಡುವ ಗಿಟ್ ತಂತ್ರಾಂಶವನ್ನು ಬರೆಯತೊಡಗಿದರು. ಅಲ್ಲಿಯವರೆಗೆ ನೆಚ್ಚಿಕೊಂಡಿದ್ದ ಬಿಟ್‌ಕೀಪರ್ ಎಂಬ ಇಂಥದೇ ತಂತ್ರಾಂಶದ ಉಚಿತ ಬಳಕೆಗೆ ಅವಕಾಶ ತಪ್ಪಿತ್ತು.

ಗಿಟ್‌ನ ಬ್ರಾಂಚ್ ಕಡತಗಳ ನಕಲಲ್ಲ, ಒಂದು ಕಮಿಟ್ಟನ್ನು, ಅಂದರೆ ದಾಖಲಾದ ಒಂದು ಹಂತವನ್ನು, ತೋರಿಸುವ ಹೆಸರಷ್ಟೆ. ಹಾಗಾಗಿ ಅದನ್ನು ತೆರೆಯುವುದು ಸುಲಭ, ಕಷ್ಟವೆಲ್ಲ ಮರ್ಜ್‌ನಲ್ಲಿದೆ. ಎರಡು ಬ್ರಾಂಚ್‌ಗಳು ಕವಲೊಡೆದ ಕಮಿಟ್ಟನ್ನು ಹುಡುಕಿ, ಅದರೊಂದಿಗೆ ಎರಡೂ ಬದಿಯನ್ನು ಹೋಲಿಸಲಾಗುತ್ತದೆ. ಒಂದೇ ಬದಿ ಬದಲಾಗಿದ್ದರೆ ಆ ಬದಲಾವಣೆ ಉಳಿಯುತ್ತದೆ. ಒಂದೇ ಸಾಲನ್ನು ಇಬ್ಬರೂ ಬೇರೆಬೇರೆಯಾಗಿ ತಿದ್ದಿದ್ದರೆ ಗಿಟ್ ಅದನ್ನು ಕಾನ್‌ಫ್ಲಿಕ್ಟ್ ಎಂದು ಗುರುತುಹಾಕಿ ತೀರ್ಮಾನವನ್ನು ಮನುಷ್ಯರಿಗೆ ಬಿಡುತ್ತದೆ. ಇದಕ್ಕಿಂತ ಅಪಾಯಕಾರಿಯಾದದ್ದು ಕಾನ್‌ಫ್ಲಿಕ್ಟೇ ಬಾರದ ತಪ್ಪು: ಒಬ್ಬರು ಫಂಕ್ಷನ್ನಿನ ಹೆಸರು ಬದಲಿಸಿ, ಮತ್ತೊಬ್ಬರು ಇನ್ನೊಂದು ಕಡತದಲ್ಲಿ ಹಳೆಯ ಹೆಸರನ್ನೇ ಹೊಸದಾಗಿ ಬಳಸಿದ್ದರೆ ಮರ್ಜ್ ಸಲೀಸಾಗಿ ಮುಗಿಯುತ್ತದೆ, ಪ್ರೋಗ್ರಾಂ ಕೆಡುತ್ತದೆ. ಮರ್ಜ್ ಆದಮೇಲೂ ಪರೀಕ್ಷೆ ನಡೆಸುವುದು ಇದಕ್ಕೇ.

ಮರ್ಜ್ ಬದಲು ರೀಬೇಸ್ ಮಾಡಿದರೆ ಕಮಿಟ್‌ಗಳನ್ನು ಹೊಸ ತಳದ ಮೇಲೆ ಮತ್ತೆ ಬರೆದಂತಾಗುತ್ತದೆ. ಇತಿಹಾಸ ನೇರವಾಗಿ ಕಾಣುತ್ತದೇನೋ ಸರಿ, ಆದರೆ ಕಮಿಟ್‌ಗಳ ಗುರುತುಸಂಖ್ಯೆಯೇ ಬದಲಾಗುವುದರಿಂದ ಇತರರು ಆಗಲೇ ಬಳಸುತ್ತಿರುವ ಬ್ರಾಂಚಿಗೆ ಇದು ತಕ್ಕುದಲ್ಲ.

ಗಿಟ್ ಹುಟ್ಟಿಗೆ ಕಾರಣವಾದ ಲಿನಕ್ಸ್ ಕರ್ನೆಲ್‌ನಲ್ಲಿ ಹೊಸ ಆವೃತ್ತಿ ಹೊರಬಿದ್ದೊಡನೆ, ಬದಲಾವಣೆಗಳನ್ನು ಸೇರಿಸಿಕೊಳ್ಳುವ ಸುಮಾರು 2 ವಾರಗಳ ಮರ್ಜ್ ವಿಂಡೋ ತೆರೆಯುತ್ತದೆ. ಒಂದೊಂದು ವಿಭಾಗದ ಮೇಂಟೇನರ್‌ಗಳು ತಮ್ಮ ಬ್ರಾಂಚ್‌ಗಳನ್ನು ಟೋರ್ವಾಲ್ಡ್ಸ್‌ಗೆ ಒಪ್ಪಿಸುತ್ತಾರೆ. ಮುಂದಿನ ವಾರಗಳೆಲ್ಲ ದೋಷ ತಿದ್ದಲು. ಮರ್ಜ್ ವಿಂಡೋ ತೆರೆಯುವ ಮೊದಲೇ ಈ ಬ್ರಾಂಚ್‌ಗಳನ್ನು ‘ಲಿನಕ್ಸ್-ನೆಕ್ಸ್ಟ್’ ಎಂಬ ಪ್ರಯೋಗದ ರೆಪಾಸಿಟರಿಯಲ್ಲಿ ಕೂಡಿಸಿ ನೋಡಲಾಗುತ್ತದೆ. ಕಾನ್‌ಫ್ಲಿಕ್ಟ್‌ಗಳು ಹೆಚ್ಚಾಗಿ ಅಲ್ಲಿಯೇ ಬಯಲಾಗುತ್ತವೆ.